ತಪಸೀಲಿಲ್ಲದ ಕೋವಿ

ಚಿಕ್ಕನಾಯಕನಹಳ್ಳಿ ತಾಲೂಕಿನ ಹಂದನಕೆರೆ ಹೋಬಳಿಯ ತೆಂಗಿನ ತೋಟಗಳಲ್ಲಿ ಕೋವಿ ಎಂದರೆ ಹಂದಿ ಓಡಿಸುವ ಸಾಮಾನು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ, ಮೂತಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ, ಚುನಾವಣೆ ಬಂದರೆ ಠಾಣೆಯ ವಾಸ, ಉಳಿದ ದಿನಗಳಲ್ಲಿ ಗೋಡೆಯ ಗೂಟ. ಆದರೆ ಈ ಸೀಮೆ ಕಂಡ ಕೋವಿಗಳು ಇಷ್ಟೇ ಅಲ್ಲ. ಚಿಕ್ಕನಾಯಕನಹಳ್ಳಿಗೆ ಹೆಸರು ಕೊಟ್ಟವನು ಹಾಗಲವಾಡಿಯ ಪಾಳೆಯಗಾರ. ಮುಂದೆ ಈ ನೆಲ ಹೈದರಾಲಿ, ಟಿಪ್ಪುವಿನ ಆಳ್ವಿಕೆ ಕಂಡಿತು. 1791ರಲ್ಲಿ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಶ್ರೀರಂಗಪಟ್ಟಣದತ್ತ ಹೊರಟಿದ್ದ ಪರಶುರಾಮ ಭಾವುವಿನ ಮರಾಠಾ ದಂಡು ಚಿಕ್ಕನಾಯಕನಹಳ್ಳಿಯನ್ನು ಲೂಟಿ ಮಾಡಿತು. ಆಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಂದಾಚಾರ ಪಡೆಯ ಕಾಲಾಳುಗಳು ಹಳ್ಳಿಹಳ್ಳಿಯಲ್ಲೂ ಕಾವಲಿದ್ದರು. ಇಷ್ಟು ದಂಡು ಓಡಾಡಿದ ನೆಲದಲ್ಲಿ ಯುದ್ಧದ ಕೋವಿಗಳು ಮನೆಗಳಲ್ಲಿ, ಮಠಗಳಲ್ಲಿ, ಅಟ್ಟಗಳಲ್ಲಿ ಉಳಿದುಕೊಳ್ಳುವುದು ಸಹಜ. ಅವುಗಳನ್ನು ನೋಡಿ, ಗುರುತು ಬರೆದು, ಯಾರ ಮನೆಯಲ್ಲಿ ಎಷ್ಟು ತಲೆಮಾರಿನಿಂದ ಇವೆ ಎಂದು ಕೇಳಿದವರು ಮಾತ್ರ ವಿರಳ.

ಹಳೆಯ ಸೈನಿಕ ಕೋವಿಗಳನ್ನು ಖಾಸಗಿಯವರು ಸಂಗ್ರಹಿಸಬಹುದೇ, ಕೊಂಡು ಮಾರಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಕೊಳ್ಳುವುದರಲ್ಲಿ, ಮಾರುವುದರಲ್ಲಿ ತಪ್ಪಿಲ್ಲ. ಕೋವಿಯಿಂದ ಅದರ ಊರು, ಮನೆ, ಕಾಲವನ್ನು ಕಳಚಿ ಹಾಕಿ ಬರಿಯ ಕಬ್ಬಿಣ-ಮರವನ್ನಾಗಿ ಮಾರುವುದು ತಪ್ಪು. ನಮ್ಮ ಮಾರುಕಟ್ಟೆಯೂ ನಮ್ಮ ಕಾನೂನೂ ಬೇರೆಬೇರೆ ದಾರಿಯಿಂದ ಈ ಒಂದೇ ತಪ್ಪಿಗೆ ಒತ್ತಾಸೆಯಾಗಿ ನಿಂತಿವೆ.

ಕಳಚುವುದರಿಂದ ಏನು ನಷ್ಟ? 1853ರ ಮಾದರಿಯ ಎನ್‌ಫೀಲ್ಡ್ ಕೋವಿಯನ್ನೇ ನೋಡಿ. 1857ರ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾ ಇದರದ್ದೇ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ಮೂತಿಗೆ ಸುರಿದು, ಗುಂಡನ್ನು ಗಜದಿಂದ ತಳ್ಳಿ, ನಳಿಗೆಯ ಬುಡದ ಕಿವಿಯ ಮೇಲೆ ಕೇಪು ಕೂರಿಸಿ ಹಾರಿಸಬೇಕು. ನಳಿಗೆಯ ಮೂತಿಯೊಳಕ್ಕೆ ಕಿರುಬೆರಳಿನ ತುದಿ ಇಟ್ಟು ಸವರಿದರೆ ಮೂರು ಗೀರುಗಳು ತಾಕುತ್ತವೆ. ಸುರುಳಿಯಾಗಿ ಒಳಗೆ ಇಳಿಯುವ ಈ ಗೀರುಗಳೇ ಗುಂಡಿಗೆ ತಿರುಗಣೆ ಕೊಟ್ಟು ದೂರಕ್ಕೆ ನೇರವಾಗಿ ಒಯ್ಯುವುದು. ಈಗ ಪಕ್ಕದಲ್ಲಿ ಇನ್ನೊಂದು ಕೋವಿ ಇಡಿ. ಅದೇ ಉದ್ದ, ಅದೇ ಹಿತ್ತಾಳೆ ಕಟ್ಟು, ಬೀಗದ ತಗಡಿನ ಮೇಲೆ ಅದೇ ಕಿರೀಟ. ಬೆರಳಿಟ್ಟರೆ ಒಳಗೆಲ್ಲ ನುಣುಪು. ಮೇಲೆ ದೂರಕ್ಕೆ ತಕ್ಕಂತೆ ಎತ್ತಿ ಇಳಿಸುವ ಗುರಿಪಟ್ಟಿ ಇರಬೇಕಾದ ಕಡೆ ಅಲುಗಾಡದ ಒಂದು ಗಟ್ಟಿ ತುಂಡು. ದಂಗೆ ಅಡಗಿದ ಮೇಲೆ ಹಿಂದೂಸ್ಥಾನದ ಸಿಪಾಯಿಗಳ ಕೈಗೆಂದೇ ಮಾಡಿಸಿದ ಕೋವಿ ಇದು. ಬಿಳಿಯ ಸೈನಿಕನ ಕೋವಿಯಷ್ಟು ದೂರ ಇದು ಹೊಡೆಯಬಾರದು ಎಂಬುದು ಆಳುವವರ ಲೆಕ್ಕ. ತನ್ನ ಸಿಪಾಯಿಯನ್ನೇ ನಂಬದ ಒಂದು ಸರ್ಕಾರದ ಅಂಜಿಕೆ ಆ ನುಣುಪಿನಲ್ಲಿ ಕೈಗೆ ತಾಕುತ್ತದೆ. ಯಾವ ಪಠ್ಯಪುಸ್ತಕವೂ ಇದನ್ನು ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಓದಿಲ್ಲ.

ಈಗ ಅದೇ ಕೋವಿ ಗುಜರಿಯವನ ಕೈಸೇರಿತು ಎನ್ನಿ. ಉಪ್ಪುಕಾಗದ ಹಾಕಿ ಉಜ್ಜಿದರೆ ತಗಡಿನ ಮುದ್ರೆ ಮಾಸುತ್ತದೆ. ಬಿಡಿಭಾಗ ಬೇಕೆಂದು ಬೀಗ ಒಂದು ಕಡೆ, ನಳಿಗೆ ಒಂದು ಕಡೆ ಹೋಗುತ್ತವೆ. ಉತ್ತರ ಭಾರತದ ಕಾರ್ಖಾನೆಗಳಲ್ಲಿ ತಯಾರಾಗುವ ನಕಲಿ ಕೋವಿಗಳ ನಡುವೆ ನಿಜವಾದದ್ದೂ ಒಂದಾಗಿ ಬೆರೆತುಹೋಗುತ್ತದೆ. ‘ಟಿಪ್ಪು ಕಾಲದ್ದು’ ಎಂಬ ಒಂದೇ ಮಾತು ಎಲ್ಲಕ್ಕೂ ಅಂಟಿಕೊಳ್ಳುತ್ತದೆ.

ಟಿಪ್ಪುವಿನ ಕೋವಿಗಳ ಕತೆಯೇ ಈ ವಾದಕ್ಕೆ ಒಳ್ಳೆಯ ಪರೀಕ್ಷೆ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಚಕಮಕಿ ಕಲ್ಲಿನ ಕೋವಿಗಳು ಕೋಟೆ ಬಿದ್ದ 1799ರ ಲೂಟಿಯಲ್ಲಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. ಅವುಗಳ ಹುಲಿಪಟ್ಟೆ, ಮುದ್ರೆ, ಇಸವಿಗಳನ್ನು ಓದಿ 1992ರಲ್ಲಿ ಒಂದು ಇಡೀ ಪುಸ್ತಕ ಬರೆದವನು ರಾಬಿನ್ ವಿಗಿಂಗ್‌ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ. 2015ರ ಏಪ್ರಿಲ್‌ನಲ್ಲಿ ಅವನ ಸಂಗ್ರಹ ಲಂಡನ್ನಿನಲ್ಲಿ ಹರಾಜಾಯಿತು, ಸುಮಾರು 60 ಲಕ್ಷ ಪೌಂಡಿಗೆ. ವಸ್ತುಗಳು ದಿಕ್ಕಿಗೊಂದಾದವು, ಪುಸ್ತಕ ಉಳಿಯಿತು. ಖಾಸಗಿ ಸಂಗ್ರಹವೆಂದರೆ ಬರೀ ದುರಾಸೆ ಎನ್ನುವವರಿಗೆ ನಾನು ಈ ಪುಸ್ತಕವನ್ನು ತೋರಿಸುತ್ತೇನೆ. ನಮ್ಮ ಶ್ರೀರಂಗಪಟ್ಟಣದ ಕುಶಲಕರ್ಮಿಗಳ ಕೈಗುರುತನ್ನು ಒಬ್ಬ ಪರದೇಶಿ ಸಂಗ್ರಾಹಕ ಓದಿಟ್ಟ. 2023ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಸದ್ ಖಾನ್ ಮುಹಮ್ಮದ್ ಎಂಬ ಕಮ್ಮಾರ ಟಿಪ್ಪುವಿಗೆಂದು 1793-94ರ ಸುಮಾರಿಗೆ ಮಾಡಿದ ಬೇಟೆ ಕೋವಿಯೊಂದು, 20 ಲಕ್ಷ ಪೌಂಡ್ ಬೆಲೆಯದ್ದು, ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ನಮ್ಮ ನೆಲದ ಕಮ್ಮಾರನ ಕೆಲಸ ತಮ್ಮ ದೇಶದಿಂದ ಹೊರಬಿದ್ದರೆ ನಷ್ಟ ಎಂದು ಅವರಿಗೆ ಅನ್ನಿಸಿತು. ಹಾಗನ್ನಿಸಲು ಕಾರಣ, ಆ ಕೋವಿಯ ತಪಸೀಲು ಅವರ ಬಳಿ ಇತ್ತು: ಮಾಡಿದವನ ಹೆಸರು, ವರ್ಷ, ಕೈಯಿಂದ ಕೈಗೆ ದಾಟಿದ ದಾರಿ.

ನೇಪಾಳದ್ದು ಇದಕ್ಕಿಂತ ದೊಡ್ಡ ಪಾಠ. ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಒಂದೂವರೆ-ಎರಡು ಶತಮಾನದ ಕೋವಿಗಳು ರಾಶಿ ಬಿದ್ದಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಆ ಇಡೀ ದಾಸ್ತಾನನ್ನು ಕೊಂಡು ಹಡಗಿಗೆ ಹಾಕಿದರು. ದೇವನಾಗರಿ ಅಂಕಿ ಕೊರೆದ ಆ ಕೋವಿಗಳು ಇಂದು ಅಮೆರಿಕದ ಸಾವಿರಾರು ಮನೆಗಳಲ್ಲಿವೆ. ಅವು ತುಕ್ಕಿನಿಂದ ಪಾರಾದದ್ದು ನಿಜ, ಅವನ್ನು ಪ್ರೀತಿಯಿಂದ ತಿಕ್ಕಿ ತೊಳೆದು ಓದುವ ಜನರಿರುವುದೂ ನಿಜ. ಆದರೆ ನೇಪಾಳದ ಒಬ್ಬ ವಿದ್ಯಾರ್ಥಿ ತನ್ನ ದೇಶದ ಸೈನ್ಯದ ಇತಿಹಾಸ ಬರೆಯಬೇಕೆಂದರೆ ಈಗ ನ್ಯೂಜೆರ್ಸಿಯ ಅಂಗಡಿಯ ಕ್ಯಾಟಲಾಗು ತಿರುವಬೇಕು. ಮಾರಿದ್ದಕ್ಕಿಂತಲೂ, ಒಂದೇ ರಾಶಿಯಾಗಿ ಮಾರಿದ್ದು ನನ್ನ ಮನಸ್ಸಿಗೆ ಚುಚ್ಚುತ್ತದೆ.

ಹಾಗಾದರೆ ನಮ್ಮ ಕಾನೂನು? 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಈ ಬೇಲಿ ಬೇಕು, ಇರಲಿ. ತೊಡಕಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ. ಹಳೆಯ ಮಾದರಿಯ, ಪ್ರಾಚ್ಯ ಮೌಲ್ಯದ ಆಯುಧಕ್ಕೆ ಅದು ವಿನಾಯಿತಿ ಕೊಡುತ್ತದೆ. ಆದರೆ ರಿಪೇರಿ ಮಾಡಿದರೂ ಅದು ಹಾರಬಾರದು ಎಂಬ ಷರತ್ತು ಬೇರೆ. ಮೂತಿಯಿಂದ ತುಂಬುವ ಕೋವಿಯಷ್ಟು ಸರಳವಾದ ಯಂತ್ರ ಇನ್ನೊಂದಿಲ್ಲ; ನಳಿಗೆ ಗಟ್ಟಿಯಿದ್ದರೆ ಯಾವ ಕಮ್ಮಾರನೂ ಅದನ್ನು ಮತ್ತೆ ಹಾರಿಸಿಯಾನು. ಅಲ್ಲಿಗೆ ವಿನಾಯಿತಿ ಬೇಕಾದವನು ನಳಿಗೆಗೆ ತೂತು ಕೊರೆಯಬೇಕು, ಬೆಸುಗೆ ಹಾಕಿ ಬಾಯಿ ಮುಚ್ಚಿಸಬೇಕು. ಆ ಮೂರು ಗೀರೋ ನುಣುಪೋ ಎಂಬ ಸಾಕ್ಷಿಯೂ ಅದರೊಂದಿಗೆ ಹೋಯಿತು. ಬ್ರಿಟನ್ನಿನಲ್ಲಿ ಕುತೂಹಲದ ವಸ್ತುವಾಗಿಯೋ ಅಲಂಕಾರಕ್ಕೋ ಇಟ್ಟುಕೊಂಡ ಪ್ರಾಚೀನ ಕೋವಿಗೆ ಪ್ರತ್ಯೇಕ ವಿನಾಯಿತಿ ಇದೆ. ಅಮೆರಿಕದ ಕಾನೂನು 1898ರ ಗೆರೆ ಎಳೆದು ಆ ವರ್ಷದವರೆಗೆ ತಯಾರಾದದ್ದನ್ನು ಪ್ರಾಚೀನ ಎನ್ನುತ್ತದೆ. ಅಮೆರಿಕದ ಸಡಿಲು ನಮಗೆ ಬೇಡವೇ ಬೇಡ. ಆದರೆ ವಸ್ತುವನ್ನು ಹಾಳುಮಾಡಿದವನಿಗೆ ಮಾತ್ರ ನಿರಾಳ ಎನ್ನುವ ಕಾನೂನು, ಉಳಿಸಿಕೊಂಡವನಿಗೆ ಶಿಕ್ಷೆ ಕೊಟ್ಟಂತೆಯೇ. 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಕೋವಿ ಎಂದು ಮಿತಿ ಹಾಕಿತು. ವಂಶಪಾರಂಪರ್ಯವಾಗಿ ಬಂದದ್ದೂ ಆ ಎರಡರೊಳಗೇ.

ಕೋವಿ ಎಂದರೆ ಕೊಲ್ಲುವ ಸಾಧನ, ಅದರ ಮೇಲೆ ಇಷ್ಟು ಅಕ್ಕರೆ ಯಾಕೆ ಎಂದು ಕೇಳುವವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಈ ಕೋವಿಗಳ ಮುಂದೆ ನಿಂತು ಸತ್ತವರಲ್ಲಿ ನಮ್ಮವರೇ ಹೆಚ್ಚು. ನಿಶ್ಶಸ್ತ್ರೀಕರಣದ ಕಾಯ್ದೆಗೆ ತಲೆಬಾಗದೆ ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಊರನ್ನು 1857ರ ನವೆಂಬರ್‌ನಲ್ಲಿ ಇಂಗ್ಲಿಷರ ದಂಡು ಸುಟ್ಟಿತು. ಹಿಡಿದವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಅವರ ಕತೆ ಲಾವಣಿಯಲ್ಲಿ ಉಳಿದಿದೆ. ಅವರು ಬಿಡಲೊಲ್ಲದ ಆಯುಧಗಳ ಗುರುತು ಎಲ್ಲಿದೆ? ಕೊಡಗಿನಲ್ಲಿ ನಡೆದದ್ದು ಇದರ ತಿರುವು ಮುರುವು. 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ಸಿಕ್ಕ ವಿನಾಯಿತಿ ಇಂದಿಗೂ ನಡೆದುಬಂದಿದೆ; 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಈಗಿನ ಅವಧಿ 2029ರವರೆಗೆ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸುವ ಮನೆಯಲ್ಲಿ ಅದು ಯಾವ ಅಜ್ಜನದು ಎಂದು ಮಕ್ಕಳಿಗೂ ಗೊತ್ತು. ಮುಚ್ಚಿಡುವ ಹೆದರಿಕೆ ಇಲ್ಲದ ಕಡೆ ನೆನಪು ಬಾಯಿಂದ ಬಾಯಿಗೆ ಹರಿಯುತ್ತದೆ. ಹೆದರಿಕೆ ಇರುವ ಕಡೆ ಅಜ್ಜ ತೀರಿದ ಮೇಲೆ ಮೊಮ್ಮಗ ರಾತ್ರೋರಾತ್ರಿ ಕೋವಿಯನ್ನು ಪಾಳುಬಾವಿಗೆ ಎಸೆದು ಬರುತ್ತಾನೆ. ಸಾವಿನ ಸಾಕ್ಷಿಯನ್ನು ಅಳಿಸಿಬಿಟ್ಟರೆ ಸತ್ತವರಿಗೆ ನ್ಯಾಯ ಸಿಕ್ಕಂತೆ ಆಗುವುದಿಲ್ಲ.

ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ ಎಂಬುದು ಸುಲಭದ ಉತ್ತರ. ನಗರ ಎಂಬ ಊರಿನ ಹಳೆಯ ಬಾವಿಯಲ್ಲಿ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳು ಸಿಕ್ಕಾಗ ಅವು ಶಿವಮೊಗ್ಗೆಯ ಸರ್ಕಾರಿ ಮ್ಯೂಸಿಯಂ ಸೇರಿದವು, ಸೇರಬೇಕಾದದ್ದೇ. ಆದರೆ ಮನೆಮನೆಯ ಒಂಟಿ ಕೋವಿಗೆ ಮ್ಯೂಸಿಯಮ್ಮಿನಲ್ಲಿ ಜಾಗವೂ ಇಲ್ಲ, ಅದು ಅಲ್ಲಿಗೆ ಹೋಗಲೇಬೇಕೆಂದೂ ಇಲ್ಲ. ತಪಸೀಲು ದಾಖಲಾಗಿದ್ದರೆ ಅದು ಹಂದನಕೆರೆಯ ಗೋಡೆಯ ಮೇಲಿರಲಿ, ತಿಪಟೂರಿನ ಕೊಬ್ಬರಿ ವರ್ತಕರ ಹಜಾರದಲ್ಲಿರಲಿ, ಬೆಂಗಳೂರಿನ ಸಂಗ್ರಾಹಕರ ಬೀರುವಿನಲ್ಲಿರಲಿ, ಇತಿಹಾಸಕ್ಕೆ ನಷ್ಟವಿಲ್ಲ. ಮಾರುವವರು ಕೊಳ್ಳುವವರಿಗೆ ಕೋವಿಯ ಜೊತೆ ಆ ದಾಖಲೆಯನ್ನೂ ಕೊಡಲೇಬೇಕು ಎಂದು ನಿಯಮವಾಗಲಿ. ಆಗ ನಿಜದ ಕೋವಿಗೆ ಬೆಲೆ ಏರುತ್ತದೆ, ನಕಲಿಗೆ ಇಳಿಯುತ್ತದೆ. ವ್ಯಾಪಾರದ ಆಸೆಯೇ ದಾಖಲೆಯ ಕಾವಲಿಗೆ ನಿಲ್ಲುತ್ತದೆ. ಮದ್ದು-ಗುಂಡು ಇಟ್ಟುಕೊಳ್ಳಲು ಅನುಮತಿ ಇಲ್ಲದ, ಬರೀ ಇರಿಸಿಕೊಳ್ಳುವ ಲೈಸೆನ್ಸಿನಡಿ ಇದನ್ನು ನಡೆಸಬಹುದು. ನಳಿಗೆಗೆ ತೂತು ಕೊರೆಯುವ ಅಗತ್ಯ ಬೀಳದು.

ದಾಖಲಿಸುವುದು ಹೇಗೆ ಎಂದರೆ, ಅವಕಾಶ ತಾನಾಗಿಯೇ ಒದಗುತ್ತದೆ. ಚುನಾವಣೆ ಘೋಷಣೆಯಾದಾಗ ಹೋಬಳಿಯ ಲೈಸೆನ್ಸಿನ ಕೋವಿಗಳು ಠಾಣೆಗೆ ಬಂದು ವಾರಗಟ್ಟಲೆ ಒಂದೇ ಕೋಣೆಯಲ್ಲಿ ಇರುತ್ತವೆ. ಹಂದನಕೆರೆ, ಹುಳಿಯಾರು, ಚಿಕ್ಕನಾಯಕನಹಳ್ಳಿ ಠಾಣೆಗಳಿಗೆ ಆ ದಿನಗಳಲ್ಲಿ ತುಮಕೂರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಿಂದ ಇಬ್ಬರು ವಿದ್ಯಾರ್ಥಿಗಳು, ಆಯುಧ ಬಲ್ಲ ಒಬ್ಬರು ಹೋದರೆ ಸಾಕು. ಮೊದಲು ಮಾಡಬೇಕಾದ ಕೆಲಸ ಗಜವನ್ನು ನಳಿಗೆಯ ತಳದವರೆಗೆ ಇಳಿಬಿಟ್ಟು, ಮೂತಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಮಗ್ಗುಲಿಗೆ ಹಿಡಿದು ನೋಡುವುದು. ತುದಿ ಕಿವಿಯ ಹತ್ತಿರಕ್ಕೆ ಬಾರದೆ ಕೆಲವು ಬೆರಳು ಹಿಂದೆಯೇ ನಿಂತರೆ ಅಜ್ಜನ ಕಾಲದ ಈಡು ಇನ್ನೂ ಒಳಗಿದೆ ಎಂದರ್ಥ. ಅಂಥದ್ದನ್ನು ಪೊಲೀಸರ ಕೈಗೆ ಬಿಡಬೇಕು. ಉಳಿದವುಗಳ ಬೀಗದ ತಗಡು, ನಳಿಗೆಯ ಮೂತಿ, ಹಿಡಿಯ ಹಿತ್ತಾಳೆಯ ಮೇಲಿನ ಅಂಕಿ, ಗುರಿಪಟ್ಟಿಯ ಪಟ ತೆಗೆಯಲಿ. ಚುನಾವಣೆ ಮುಗಿದು ವಾಪಸು ಒಯ್ಯಲು ಬಂದ ಮನೆಯವರನ್ನು ಕೂರಿಸಿಕೊಂಡು ಇದು ಯಾರಿಂದ ಬಂತು, ಯಾವ ಊರಿನದು ಎಂದು ಕೇಳಿ ಬರೆದುಕೊಳ್ಳಲಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ, ಒಂದು ಠಾಣೆಗೆ, ಒಂದು ಆ ಮನೆಗೆ.