ಕಠಿಣವಾದುದನ್ನು ಕೈಗೆತ್ತಿಕೊಳ್ಳುವ ಮುನ್ನ



ಎಲೆಗಳ ಆಟವೆಂದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ ಆಗಿದೆ. ಇಸ್ಪೀಟಿನ ಚಟಕ್ಕೆ ಹೊಲಮನೆ ಕಳೆದುಕೊಂಡವರನ್ನು ಕಣ್ಣಾರೆ ಕಂಡವರು ಅವರು. ಆದರೆ ಇಂದು ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ನಮ್ಮ ಕುಟುಂಬಗಳ ಕೆಲವು ಮಕ್ಕಳ ಕೈಯಲ್ಲಿ ಕಾಣುವ ಬಣ್ಣಬಣ್ಣದ ಚಿತ್ರದ ಎಲೆಗಳು ಬೇರೆಯೇ ಬಗೆಯವು. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' 1993ರಲ್ಲಿ ಹೊರಬಂದಿತು, ಜಪಾನಿನ ಪೋಕೆಮಾನ್ ಎಲೆಗಳು 1996ರಲ್ಲಿ ಬಂದವು. ಇವು ಮುಖ್ಯವಾಗಿ ಬುದ್ಧಿಯ ಆಟಗಳು. ಇವುಗಳ ಪಂದ್ಯಾವಳಿಗೆ ಹೊರಡುವ ಮಗುವಿನ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಒಂದುಂಟು: ಸುಲಭವಾದ ಕಟ್ಟನ್ನು ಒಯ್ಯಬೇಕೇ, ಕಠಿಣವಾದುದನ್ನೇ? ಈ ಪ್ರಶ್ನೆ ಆಟಕ್ಕಷ್ಟೇ ಸೀಮಿತವಲ್ಲವೆಂದು ತೋರಿದ್ದರಿಂದ ಅದನ್ನು ಈ ತಿಂಗಳ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮ್ಯಾಜಿಕ್ ಆಟವನ್ನೇ ಉದಾಹರಣೆಯಾಗಿ ನೋಡೋಣ. ಇಲ್ಲಿ ಆಟಗಾರನು ತನ್ನ ಕಟ್ಟನ್ನು ತಾನೇ ಆರಿಸಿ ಜೋಡಿಸಿಕೊಂಡು ಬರುತ್ತಾನೆ. ಸಾಮಾನ್ಯ ನಿಯಮದಂತೆ ಕಟ್ಟಿನಲ್ಲಿ ಕನಿಷ್ಠ 60 ಎಲೆಗಳಿರಬೇಕು. ಮೂಲಭೂಮಿಯ ಎಲೆಗಳನ್ನುಳಿದು ಯಾವ ಎಲೆಯೂ ನಾಲ್ಕಕ್ಕಿಂತ ಹೆಚ್ಚು ಇರಲಾಗದು. ಇಬ್ಬರಿಗೂ ಆರಂಭದಲ್ಲಿ 20 ಜೀವಾಂಕಗಳು. ಮೂರು ಆಟಗಳಲ್ಲಿ ಎರಡನ್ನು ಗೆದ್ದವರಿಗೆ ಪಂದ್ಯ. ಅದಕ್ಕೆ ದೊರೆಯುವ ಅವಧಿ ವಾಡಿಕೆಯಾಗಿ 50 ನಿಮಿಷ. ಆಮೇಲಿನ ಐದು ಸರದಿಗಳಲ್ಲಿಯೂ ತೀರ್ಮಾನವಾಗದೆ ಇಬ್ಬರೂ ಗೆದ್ದ ಆಟಗಳು ಸಮನಾಗಿದ್ದರೆ ಪಂದ್ಯ ಸಮವೆನಿಸುತ್ತದೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದೇ ಅಂಕ.

ಸುಲಭವಾದ ಕಟ್ಟೆಂದರೆ ಹೇಗಿರುತ್ತದೆ? 'ಲೈಟ್ನಿಂಗ್ ಬೋಲ್ಟ್' ಎಂಬ ಸಿಡಿಲಿನ ಎಲೆ ಎದುರಾಳಿಯ ಮೂರು ಜೀವಾಂಕಗಳನ್ನು ಕಳೆಯುತ್ತದೆ. ಅಂತಹ ಏಳು ಪೆಟ್ಟುಗಳು ಬಿದ್ದರೆ 21 ಆಯಿತು, ಆಟ ಮುಗಿಯಿತು. ಇಂತಹ ಎಲೆಗಳನ್ನೇ ತುಂಬಿದ ಕಟ್ಟಿನ ದಾರಿ ನೇರ. ಅದನ್ನು ಆಡಲು ಬುದ್ಧಿ ಬೇಡವೆಂದಲ್ಲ. ಆದರೆ ತೀರ್ಮಾನಗಳು ಕಡಿಮೆ, ಸಮಯವೂ ಉಳಿಯುತ್ತದೆ.

ಕಠಿಣವಾದುದಕ್ಕೆ 'ಲ್ಯಾಂಟರ್ನ್' ಎಂದು ಹೆಸರಾದ ಕಟ್ಟು ಒಳ್ಳೆಯ ನಿದರ್ಶನ. ಅದರಲ್ಲಿನ ಲಾಟೀನಿನ ಎಲೆಯು ಇಬ್ಬರ ರಾಶಿಯ ಮೇಲಿನ ಎಲೆಯನ್ನೂ ಬಯಲುಗೊಳಿಸುತ್ತದೆ. ಎದುರಾಳಿಗೆ ಮುಂದೆ ದೊರೆಯಲಿರುವ ಎಲೆ ಅಪಾಯಕರವೆನಿಸಿದರೆ, ಬೇರೆ ಎಲೆಗಳ ಬಲದಿಂದ ಅದನ್ನು ಕಸದ ರಾಶಿಗೆ ತಳ್ಳಬಹುದು. 'ಎನ್‌ಸ್ನೇರಿಂಗ್ ಬ್ರಿಡ್ಜ್' ಎಂಬ ಇನ್ನೊಂದು ಎಲೆಯಿದ್ದಾಗ, ಆಡುವವನ ಕೈಯಲ್ಲಿರುವ ಎಲೆಗಳ ಸಂಖ್ಯೆಗಿಂತ ಹೆಚ್ಚು ಬಲವುಳ್ಳ ಯಾವ ಪ್ರಾಣಿಯೂ ದಾಳಿ ಮಾಡಲಾರದು. ಹಾಗಾಗಿ ಅವನು ತನ್ನ ಕೈಯನ್ನು ಬರಿದು ಮಾಡಿಕೊಂಡೇ ಸುರಕ್ಷಿತನಾಗುತ್ತಾನೆ. ಕೇಳಲು ಸೊಗಸು, ಆಡಲು ಕಷ್ಟ. ಪ್ರತಿ ಸರದಿಯಲ್ಲಿಯೂ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸಬೇಕು. ತಡೆಯಬೇಕಾದ ಒಂದೇ ಎಲೆ ನುಸುಳಿದರೂ ಕಟ್ಟಿದ ಕೋಟೆ ಕುಸಿದೀತು. ಮೇಲಾಗಿ ಗೆಲುವು ನಿಧಾನವಾಗಿ ಬರುವುದರಿಂದ ಗಡಿಯಾರವೂ ಒಬ್ಬ ಎದುರಾಳಿಯೇ.

ಈ ಕಟ್ಟನ್ನು ಹಿಡಿದು ಜ಼್ಯಾಕ್ ಎಲ್ಸಿಕ್ ಎಂಬವರು 2015ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯ ದೊಡ್ಡ ಪಂದ್ಯಾವಳಿಯೊಂದನ್ನು ಗೆದ್ದರು. ಅಂದಿನಿಂದ ಅದರ ಎಲೆಗಳ ಪಟ್ಟಿ ಎಲ್ಲರಿಗೂ ತಿಳಿದಿತ್ತು. ಆದರೂ ಅದನ್ನು ಕೈಗೆತ್ತಿಕೊಂಡವರು ಕೆಲವರೇ. 2018ರ ಫೆಬ್ರವರಿಯಲ್ಲಿ ಸ್ಪೇನ್ ದೇಶದ ಬಿಲ್ಬಾವೊ ನಗರದಲ್ಲಿ ನಡೆದ 'ಪ್ರೋ ಟೂರ್' ಪಂದ್ಯಾವಳಿಯಲ್ಲಿ ಅರ್ಜೆಂಟೀನಾದ ಲೂಯಿಸ್ ಸಾಲ್ವಾತ್ತೊ ಅದನ್ನೇ ಆರಿಸಿಕೊಂಡರು. ಮೊದಲೆರಡು ದಿನಗಳಲ್ಲಿ 16 ಸುತ್ತುಗಳು. ಅವುಗಳಲ್ಲಿ 10 ಸುತ್ತುಗಳನ್ನು ಆಟಗಾರರು ಮನೆಯಿಂದ ತಂದ ಕಟ್ಟಿನಿಂದಲೇ ಆಡಬೇಕಿತ್ತು. ಮೂರನೆಯ ದಿನ ಅಂತಿಮ ಎಂಟು ಮಂದಿಯ ಸೆಣಸಾಟ. ಕೊನೆಗೆ ಸಾಲ್ವಾತ್ತೊ ಅವರೇ ವಿಜೇತರಾದರು. ಪಟ್ಟಿ ಎಲ್ಲರ ಕೈಯಲ್ಲಿತ್ತು. ಪಳಗಿದ ಕೈ ಮಾತ್ರ ಎಲ್ಲರದಾಗಿರಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ತತ್ತ್ವವೊಂದಿದೆ. ಕಠಿಣವಾದ ಸಾಧನವು ತನ್ನಷ್ಟಕ್ಕೆ ಶ್ರೇಷ್ಠವಲ್ಲ. 'ನಾನು ಎಲ್ಲರಿಗೂ ಆಗದ್ದನ್ನು ಆಡುತ್ತೇನೆ' ಎಂಬ ಹೆಮ್ಮೆಗಾಗಿ ಅದನ್ನು ಆರಿಸಿದವನು ಮೊದಲ ಸುತ್ತಿನಲ್ಲಿ ಮೆಚ್ಚುಗೆ ಗಳಿಸಬಹುದು. ಎಂಟನೆಯ ಸುತ್ತಿನ ದಣಿವಿನಲ್ಲಿ ಆ ಹೆಮ್ಮೆ ನೆರವಿಗೆ ಬಾರದು. ಆಗ ಉಳಿಯುವುದು ಅಭ್ಯಾಸವೊಂದೇ. ಸುಲಭವಾದುದನ್ನು ಚೆನ್ನಾಗಿ ಬಲ್ಲವನು ಕಠಿಣವಾದುದನ್ನು ಅರೆಬರೆ ಬಲ್ಲವನನ್ನು ಸೋಲಿಸುವುದು ಸಾಮಾನ್ಯ.

ಕಲ್ಯಾಣದ ಶರಣರನ್ನು ಇಲ್ಲಿ ನೆನೆಯೋಣ. ನುಲಿಯ ಚಂದಯ್ಯನವರದು ಹಗ್ಗ ಹೊಸೆಯುವ ಕಾಯಕ, ಮೇದಾರ ಕೇತಯ್ಯನವರದು ಬಿದಿರಿನ ಕಾಯಕ, ಅಂಬಿಗರ ಚೌಡಯ್ಯನವರದು ದೋಣಿಯ ಕಾಯಕ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಸಾರಿದವರು ಅವರು. ಹುಟ್ಟು ದೊಡ್ಡದೋ ಹಗ್ಗ ದೊಡ್ಡದೋ ಎಂಬ ವಾದಕ್ಕೆ ಅಲ್ಲಿ ಎಡೆಯಿರಲಿಲ್ಲ. ಹಿಡಿದುದರಲ್ಲಿ ನಿಷ್ಠೆಯಿದೆಯೇ ಎಂಬುದೇ ಪ್ರಶ್ನೆಯಾಗಿತ್ತು. ಆಟವು ಕಾಯಕವಲ್ಲ ನಿಜ. ಆದರೂ ಈ ಅಳತೆಗೋಲು ಆಟದ ಮೇಜಿಗೂ ಓದಿನ ಮೇಜಿಗೂ ಸಲ್ಲುವಂಥದು. ಕಾಲೇಜಿನಲ್ಲಿ ಕಠಿಣ ವಿಷಯವನ್ನು ನೆರೆಹೊರೆಯವರ ಮೆಚ್ಚುಗೆಗಾಗಿ ಮಕ್ಕಳಿಂದ ಆರಿಸುವ ತಂದೆತಾಯಿಗಳು ಇದನ್ನು ಕೊಂಚ ಯೋಚಿಸಬೇಕು.

ಹಾಗಾದರೆ ಮಗುವಿಗೆ ಏನು ಹೇಳಬೇಕು? ಬೇಡವೆನ್ನುವುದಕ್ಕೂ ಭೇಷ್ ಎನ್ನುವುದಕ್ಕೂ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಕಟ್ಟಿನಿಂದ 50 ನಿಮಿಷಗಳೊಳಗೆ ಪಂದ್ಯ ಮುಗಿಸಬಲ್ಲೆಯಾ? ಸೋತಾಗ ಯಾವ ಸರದಿಯಲ್ಲಿ ತಪ್ಪಿತೆಂದು ಗುರುತಿಸಬಲ್ಲೆಯಾ? ಯಾರೂ ನೋಡದಿದ್ದರೂ ಇದನ್ನೇ ಆಡುವೆಯಾ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಕಠಿಣವಾದುದನ್ನೇ ಒಯ್ಯಲಿ, ಸೋತರೂ ನಷ್ಟವಿಲ್ಲ. ಇಲ್ಲವಾದರೆ ಈ ಸಲ ಸುಲಭವಾದುದು ಇರಲಿ, ಕಠಿಣವಾದುದರ ಅಭ್ಯಾಸ ಮನೆಯಲ್ಲಿ ನಡೆಯಲಿ.

ಹಣದ ವಿಷಯದಲ್ಲಿಯೂ ಎಚ್ಚರ ಬೇಕು. ಒಳಗೇನಿದೆಯೆಂದು ಕಾಣದ ಮುಚ್ಚಿದ ಪೊಟ್ಟಣಗಳನ್ನು ಒಂದರ ಮೇಲೊಂದು ಕೊಳ್ಳುವುದರಲ್ಲಿ ಹಿರಿಯರು ಅಂಜುವ ಜೂಜಿನ ವಾಸನೆ ಇದ್ದೇ ಇದೆ. ಮೊದಲು ಕಾಗದದ ಚೀಟಿಗಳ ಮೇಲೆ ಎಲೆಗಳ ಹೆಸರು ಬರೆದು ಮನೆಯಲ್ಲಿ ಆಡಿ ನೋಡಲಿ. ಕಟ್ಟು ನಿಶ್ಚಯವಾದ ಮೇಲೆ ಬೇಕಾದ ಎಲೆಗಳನ್ನಷ್ಟೇ ಬಿಡಿಯಾಗಿ ಕೊಳ್ಳಲಿ. ಅಧಿಕೃತ ಪಂದ್ಯಾವಳಿಗೆ ಅಸಲಿ ಎಲೆಗಳೇ ಬೇಕು.

ಇನ್ನೊಂದು ಮಾತು. ಸಾಲ್ವಾತ್ತೊ ಅವರ ಕಟ್ಟಿಗೆ ಆಧಾರವಾಗಿದ್ದ 'ಮಾಕ್ಸ್ ಓಪಲ್' ಎಂಬ ಎಲೆಯನ್ನು 2020ರ ಜನವರಿಯಲ್ಲಿ ಆ ಬಗೆಯ ಪಂದ್ಯಗಳಿಂದ ನಿಷೇಧಿಸಲಾಯಿತು. 2024ರ ಡಿಸೆಂಬರಿನಲ್ಲಿ ಮತ್ತೆ ಅನುಮತಿ ದೊರೆಯಿತು. ಸಾಧನಗಳ ಗತಿಯೇ ಹೀಗೆ. ಅವು ಬರುತ್ತವೆ, ಹೋಗುತ್ತವೆ. ಸಾಧಿಸುವಾಗ ಕಲಿತ ತಾಳ್ಮೆಯನ್ನೂ ಏಕಾಗ್ರತೆಯನ್ನೂ ಯಾವ ನಿಯಮವೂ ಕಸಿದುಕೊಳ್ಳಲಾರದು. ಪಂದ್ಯ ಮುಗಿಸಿ ಬಂದ ಮಗುವನ್ನು 'ಗೆದ್ದೆಯಾ?' ಎಂದು ಕೇಳುವ ಮುನ್ನ 'ಏನು ಕಲಿತೆ?' ಎಂದು ಕೇಳುವ ಮನೆಯಲ್ಲಿ ಈ ಸಂಪತ್ತು ಬೆಳೆಯುತ್ತದೆ.