ಪಾಪ್‌ಕಾರ್ನ್ ಕಾಳನ್ನು ಬಿಸಿಲಿಗೆ ಹಾಕಬೇಡಿ

ನಮ್ಮ ದಾವಣಗೆರೆ ಕಡೆಯ ಹೆಣ್ಣುಮಕ್ಕಳಿಗೆ ಬಿಸಿಲು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಮಾರ್ಚಿ ತಿಂಗಳು ಬಂತೆಂದರೆ ಮಾಳಿಗೆಯ ಮೇಲೆ ಕಾಲಿಡಲು ಜಾಗ ಇರೋದಿಲ್ಲ. ಮೆಣಸಿನಕಾಯಿ, ಬೇಳೆ, ಹಪ್ಪಳ, ಸಂಡಿಗೆ, ಗೋಧಿ, ಜೋಳ ಎಲ್ಲವೂ ಅಲ್ಲೇ. ಒಣಗಿಸದೆ ಡಬ್ಬಿಗೆ ಸೇರಿಸಿದರೆ ಹುಳ ಬೀಳುತ್ತೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು, ಅವರಿಗೆ ಅವರ ಅತ್ತೆ ಹೇಳಿದ್ದರಂತೆ. ಒಳ್ಳೆಯ ಪದ್ಧತಿಯೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಪಾಪ್‌ಕಾರ್ನ್ ಕಾಳಿಗೆ ಮಾತ್ರ ಈ ಪದ್ಧತಿ ಆಗಿಬರೋದಿಲ್ಲ.

ಈ ಮಾತು ಯಾಕೆ ಬಂತೆಂದರೆ, ಹರಿಹರದಿಂದ ಒಬ್ಬ ಓದುಗ ತಂಗಿ ಬರೆದಿದ್ದಾರೆ. ಹೊಲಿಗೆಯಲ್ಲಿ ಉಳಿಸಿದ ದುಡ್ಡಿನಲ್ಲಿ ಐದು ಕಿಲೋ ಪಾಪ್‌ಕಾರ್ನ್ ಕಾಳು ತಂದು, ಮನೆಯಲ್ಲೇ ಅರಳಿಸಿ, ಪೊಟ್ಟಣ ಕಟ್ಟಿ, ಶಾಲೆ ಹತ್ತಿರದ ಎರಡು ಅಂಗಡಿಗಳಿಗೆ ಕೊಡಲು ಶುರುಮಾಡಿದ್ದಾರೆ. ಮೊದಲ ವಾರ ಚೆನ್ನಾಗಿ ನಡೆಯಿತು. ಆಮೇಲೆ, ಉಳಿದ ಕಾಳಿಗೆ ಹುಳ ಬೀಳದಿರಲಿ ಅಂತ ಎರಡು ದಿನ ಮಾಳಿಗೆ ಮೇಲೆ ಹರವಿದರಂತೆ. ಅಲ್ಲಿಂದಾಚೆಗೆ ಬಾಣಲೆಯಲ್ಲಿ ಮೂರರಲ್ಲಿ ಒಂದು ಪಾಲು ಅರಳುವುದೇ ಇಲ್ಲ. ಅರಳಿದ್ದೂ ಸಣ್ಣದು, ಗಟ್ಟಿ. ಅಂಗಡಿಯವರು ಪೊಟ್ಟಣ ವಾಪಸು ಕೊಟ್ಟರು. ಮನೆಯವರು ‘ಕೋಳಿಗೆ ಹಾಕಿಬಿಡು’ ಅಂದರು. ವ್ಯಾಪಾರಿ ಮೋಸ ಮಾಡಿದನೋ, ಕಾಳು ಕೆಟ್ಟಿತೋ ಅಂತ ಅವರ ಪ್ರಶ್ನೆ.

ಕೋಳಿಗೆ ಹಾಕಬೇಡಿ ತಂಗಿ. ಕಾಳು ಕೆಟ್ಟಿಲ್ಲ, ಅದಕ್ಕೆ ಬಾಯಾರಿದೆ ಅಷ್ಟೆ.

ಪಾಪ್‌ಕಾರ್ನ್ ಅರಳೋದು ಬೆಂಕಿಯಿಂದ ಅಂತ ನಾವೆಲ್ಲ ತಿಳಿದಿರುತ್ತೇವೆ. ಬೆಂಕಿ ಬರೀ ನೆಪ. ಅರಳಿಸುವುದು ಕಾಳಿನೊಳಗಿನ ನೀರು. ನೂರು ಗ್ರಾಂ ಒಳ್ಳೆಯ ಕಾಳಿನಲ್ಲಿ ಸುಮಾರು 13ರಿಂದ 14 ಗ್ರಾಂ ನೀರಿರುತ್ತೆ, ಕಣ್ಣಿಗೆ ಕಾಣದಂತೆ. ಬಿಸಿ ತಾಗಿದಾಗ ಅದು ಆವಿಯಾಗಲು ನೋಡುತ್ತೆ, ಹೊರಗೆ ಹೋಗೋಣವೆಂದರೆ ಸಿಪ್ಪೆ ಬಿಡುವುದಿಲ್ಲ. ಒಳಗೆ ಹಿಟ್ಟು ಬೆಂದು ಅಂಬಲಿಯ ಹಾಗೆ ಮೆತ್ತಗಾಗುತ್ತೆ. ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ಸೋತು ಒಡೆಯುತ್ತೆ. ಒಡೆಯುವ ಕ್ಷಣದಲ್ಲಿ ಒಳಗಿನ ಒತ್ತಡ ನಮ್ಮ ಕುಕ್ಕರು ಸೀಟಿ ಹೊಡೆಯುವಾಗಿನದಕ್ಕಿಂತ ಹಲವು ಪಟ್ಟು ಜಾಸ್ತಿ. ಆವಿ ಒಮ್ಮೆಲೇ ಹಿಗ್ಗಿ, ಮೆತ್ತಗಿದ್ದ ಹಿಟ್ಟು ನೊರೆಯಂತೆ ಉಬ್ಬಿ, ಗಾಳಿ ತಾಗಿ ಅಲ್ಲೇ ಗಟ್ಟಿಯಾಗುತ್ತೆ. ಅದೇ ಆ ಬಿಳಿ ಹೂವು. ಮಾಳಿಗೆಯ ಬಿಸಿಲು ಆ ಹನಿ ನೀರನ್ನೇ ಕುಡಿದುಬಿಟ್ಟರೆ ಕಾಳನ್ನು ಒಡೆಯುವವರು ಯಾರು? ಕರಕಲಾಗುವುದೊಂದೇ ದಾರಿ.

ಈಗ ಉಪಾಯ. ಕಾಳನ್ನು ಕಿಲೋ ಲೆಕ್ಕದಲ್ಲಿ ಬಿಗಿ ಮುಚ್ಚಳದ ಡಬ್ಬಿಗಳಿಗೆ ತುಂಬಿ. ಕುಲುಕಲು ಮೇಲೆ ಸ್ವಲ್ಪ ಜಾಗ ಇರಲಿ. ಒಂದು ಕಿಲೋಗೆ ಒಂದು ದೊಡ್ಡ ಚಮಚ ನೀರು, ಅಂದರೆ 15 ಮಿಲಿ, ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುಲುಕುತ್ತಿರಿ. ನಾಲ್ಕನೆಯ ದಿನ ಐವತ್ತು ಕಾಳು ಎಣಿಸಿ ಅರಳಿಸಿ ನೋಡಿ. ನಲವತ್ತೈದು ಅರಳಿದರೆ ಸಾಕು, ಗೆದ್ದಿರಿ. ಇಲ್ಲದಿದ್ದರೆ ಇನ್ನೊಂದು ಚಮಚ, ಇನ್ನು ನಾಲ್ಕು ದಿನ. ಅವಸರ ಮಾಡಿ ಒಟ್ಟಿಗೇ ನಾಲ್ಕು ಚಮಚ ಸುರಿಯಬೇಡಿ. ನೀರು ಜಾಸ್ತಿಯಾದರೂ ಸಿಪ್ಪೆ ಮೆತ್ತಗಾಗಿ ಬೇಗ ಒಡೆದು, ಹೂವು ಸಣ್ಣದಾಗಿ ಜಿಗುಟಾಗುತ್ತೆ. ಬೂಷ್ಟು ಬರುವ ಭಯ ಬೇರೆ. ಸಿಪ್ಪೆಯೇ ಸೀಳಿದ ಕಾಳಿಗೆ ಮಾತ್ರ ಯಾವ ಉಪಾಯವೂ ಇಲ್ಲ. ಮುಂದೆ ಡಬ್ಬಿಯನ್ನು ಒಲೆಯಿಂದ ದೂರ, ತಂಪು ಕಪಾಟಿನಲ್ಲಿಡಿ.

ಇದೆಲ್ಲ ಹೊಸ ವಿದ್ಯೆ ಅಂದುಕೊಳ್ಳಬೇಡಿ. ನಾಗರ ಪಂಚಮಿಗೆ ಜೋಳದ ಅರಳು ಹುರಿಯುವುದನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಆಗಲೇ ಹೊಳೆದಿರಬೇಕು. ಬಿಳಿಜೋಳವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಬಸಿದು, ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಮೇಲಿನ ಪಸೆ ಆರಲು ನೆರಳಲ್ಲಿ ಹರವುತ್ತಾರೆ. ನೆರಳಲ್ಲಿ, ಬಿಸಿಲಲ್ಲಿ ಅಲ್ಲ! ಆಮೇಲೆ ಕಾದ ಕಬ್ಬಿಣದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಗಂಟಿನಿಂದ ಒತ್ತಿ ತಿರುವಿದರೆ ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಅರಳುತ್ತೆ. ಒಳಗೆ ನೀರು ಇರಬೇಕು ಅಂತ ನಮ್ಮ ಅಜ್ಜಿಯರಿಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಪೆರು ದೇಶದ ಕರಾವಳಿಯಲ್ಲಿ ಅರಳಿಸುವ ಜಾತಿಯ ಮೆಕ್ಕೆಜೋಳದ 6,700 ವರ್ಷ ಹಳೆಯ ತೆನೆಗಳು ಸಿಕ್ಕಿವೆ ಅಂತ 2012ರಲ್ಲಿ ಸುದ್ದಿಯಾಗಿತ್ತು. ಅವರಿಗೆ ಅದು, ನಮಗೆ ಇದು. ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ ಕಟ್ಟಿದಾಗ ತುಂಗಭದ್ರೆಯ ದಂಡೆಯಲ್ಲಿ ಮೆಕ್ಕೆಜೋಳದ ಹೆಸರೂ ಇರಲಿಲ್ಲ, ಅದು ಅಮೆರಿಕದಿಂದ ಎಷ್ಟೋ ಕಾಲದ ಮೇಲೆ ಬಂದ ಬೆಳೆ.

ಈಗ ನೋಡಿದರೆ ತಿರುವುಮುರುವು. ಜೋಳ, ಹತ್ತಿ ಬೆಳೆಯುತ್ತಿದ್ದ ನಮ್ಮ ಹೊಲಗಳಲ್ಲಿ ಮೆಕ್ಕೆಜೋಳವೇ ಮೆಕ್ಕೆಜೋಳ. (ಧಾರವಾಡದ ಕಡೆಯವರು ಗೋವಿನಜೋಳ ಅನ್ನುತ್ತಾರೆ, ಮೈಸೂರಿನವರಿಗೆ ಅದು ಮುಸುಕಿನ ಜೋಳ.) ಕೊಯ್ಲಿನ ಕಾಲದಲ್ಲಿ ರಸ್ತೆ ಮೇಲೂ ಹರವಿರುತ್ತಾರೆ. ಹಳ್ಳಿಯ ಓದುಗರು ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ: ‘ಮನ್ಯಾಗ ಮೂಟೆಗಟ್ಟಲೆ ಐತ್ರಿ, ಪೇಟೆಯಿಂದ ಯಾಕ ತರಬೇಕು?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಹೈಬ್ರಿಡ್ ಕಾಳು ಕೋಳಿ ಆಹಾರಕ್ಕೆ, ಸ್ಟಾರ್ಚಿಗೆ ಅಂತ ಬೆಳೆದದ್ದು. ಒಳಗಿನ ಹಿಟ್ಟು ಮೆದು, ಸಿಪ್ಪೆ ಆವಿಯನ್ನು ಹಿಡಿದಿಡುವುದಿಲ್ಲ. ಹುರಿದರೆ ಸೀಳುತ್ತೆ, ಸುಡುತ್ತೆ, ಅರಳುವುದಿಲ್ಲ. ಪಾಪ್‌ಕಾರ್ನಿನದು ಬೇರೆಯೇ ತಳಿ: ಸಣ್ಣ, ಗಟ್ಟಿ, ಹೊಳೆಯುವ ಕಾಳು. ಹಿತ್ತಲಲ್ಲಿ ಬೆಳೆಯುವ ಆಸೆಯಿದ್ದರೆ ಆ ಬೀಜವನ್ನೇ ಕೇಳಿ ತನ್ನಿ.

ಇನ್ನು ಅರಳಿಸುವ ಕ್ರಮ. ನಾಲ್ಕು ಜನರ ಸಂಜೆಯ ತಿಂಡಿಗೆ ಕಾಲು ಬಟ್ಟಲು, ಅಂದರೆ 50 ಗ್ರಾಂ ಕಾಳು ಸಾಕು. ಅರಳಿದ ಮೇಲೆ ಅದೇ ಅಳತೆಯ ಏಳೆಂಟು ಬಟ್ಟಲು ಆಗುತ್ತೆ. ಸಿನಿಮಾ ಥಿಯೇಟರಿನ ಒಂದು ಡಬ್ಬಿಯ ದುಡ್ಡಿಗೆ ಮನೆಯಲ್ಲಿ ಎಷ್ಟು ಸಂಜೆ ಕಳೆಯಬಹುದೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಮೂರು ಲೀಟರು ಹಿಡಿಸುವ ದಪ್ಪ ತಳದ ಪಾತ್ರೆ ಇರಲಿ. ಕುಕ್ಕರಿನ ಪಾತ್ರೆ ಬಳಸುವವರು ಅದರ ಮುಚ್ಚಳ, ರಬ್ಬರು, ಸೀಟಿ ಮೂರನ್ನೂ ದೂರ ಇಟ್ಟು ಸಾದಾ ತಟ್ಟೆ ಮುಚ್ಚಬೇಕು. ಇದರಲ್ಲಿ ರಾಜಿ ಬೇಡ.

ಒಂದೂವರೆ ದೊಡ್ಡ ಚಮಚ ಶೇಂಗಾ ಎಣ್ಣೆ, ಚಿಟಿಕೆ ಅರಿಶಿನ, ಅದರಲ್ಲಿ ನಾಲ್ಕೇ ಕಾಳು ಹಾಕಿ ಮಧ್ಯಮ ಉರಿಯಲ್ಲಿಡಿ. ನಾಲ್ಕೂ ಅರಳಿದವೆಂದರೆ ಎಣ್ಣೆ ಹದಕ್ಕೆ ಬಂದಿದೆ. ಉಳಿದ ಕಾಳು ಸುರಿದು, ಮುಚ್ಚಿ, ಪಾತ್ರೆಯನ್ನು ಒಲೆಯಿಂದ ಇಳಿಸಿ ಮೂವತ್ತು ಎಣಿಸಿ. ಯಾಕೆ ಅನ್ನುತ್ತೀರಾ? ಆ ಹೊತ್ತಿನಲ್ಲಿ ಎಲ್ಲ ಕಾಳೂ ಒಂದೇ ಸಮ ಬಿಸಿಯಾಗುತ್ತವೆ. ಮತ್ತೆ ಒಲೆಗಿಟ್ಟಾಗ ಎಲ್ಲವೂ ಒಟ್ಟಿಗೆ ಅರಳುತ್ತವೆ. ಮೊದಲು ಅರಳಿದ್ದು ತಳದಲ್ಲಿ ಕೂತು ಸುಡುವ ಗೋಜಿಲ್ಲ. ಈಗ ಮುಚ್ಚಳವನ್ನು ನಿಮ್ಮ ಮುಖದ ಎದುರು ದಿಕ್ಕಿಗೆ ಒಂದು ಬೆರಳಿನಷ್ಟು ಓರೆ ಮಾಡಿ. ಕಾಳಿನಿಂದ ಹೊರಟ ಆವಿ ಆಚೆ ಹೋಗಬೇಕು, ಇಲ್ಲದಿದ್ದರೆ ಅರಳಿದ್ದರ ಮೇಲೇ ಹನಿದು ಚರ್ಮದ ಹಾಗೆ ಮಾಡುತ್ತೆ. ಪಾತ್ರೆಯನ್ನು ಆಗಾಗ ಅಲುಗಿಸಿ. ಪಟಪಟ ಸದ್ದು ನಿಧಾನವಾಗಿ, ಎರಡು ಸದ್ದಿನ ನಡುವೆ ಎರಡು ಮೂರು ಸೆಕೆಂಡು ಬಿಡುವು ಬಂದಾಗ ಒಲೆ ಆರಿಸಿ. ಉಳಿದ ನಾಲ್ಕು ಕಾಳಿಗೆ ಆಸೆಪಟ್ಟರೆ ಇಡೀ ಪಾತ್ರೆ ಸೀದ ವಾಸನೆ.

ಅರಳುವ ಮುಂಚೆ ನೀರು ಎಷ್ಟು ಬೇಕೋ, ಅರಳಿದ ಮೇಲೆ ಅಷ್ಟೇ ಬೇಡ. ಮಂಡಕ್ಕಿಯ ಊರಿನವರಾದ ನಮಗೆ ಇಲ್ಲಿ ಕೈ ತಡೆಯುವುದಿಲ್ಲ; ಈರುಳ್ಳಿ, ಟೊಮೆಟೊ, ನಿಂಬೆರಸ ಬೆರೆಸಲು ಹೋಗುತ್ತೇವೆ. ಪಾಪ್‌ಕಾರ್ನ್ ಇದನ್ನು ತಾಳುವುದಿಲ್ಲ, ಮುದುಡಿಹೋಗುತ್ತೆ. ಬೆಣ್ಣೆ ದೋಸೆಯ ಊರಿನವರು ಅಂತ ಬೆಣ್ಣೆಯನ್ನೂ ಸುರಿಯಬೇಡಿ. ಅಂಗಡಿ ಬೆಣ್ಣೆಯಲ್ಲೇ ಆರರಲ್ಲಿ ಒಂದು ಪಾಲಿನ ಹತ್ತಿರ ನೀರಿರುತ್ತೆ, ಮನೆಯಲ್ಲಿ ಕಡೆದದ್ದರಲ್ಲಿ ಇನ್ನೂ ಹೆಚ್ಚು. ಅದನ್ನೇ ಕಾಯಿಸಿ ತುಪ್ಪ ಮಾಡಿ, ಒಂದು ಚಮಚ ಬಿಸಿ ತುಪ್ಪ ಮೇಲೆ ಹನಿಸಿ. ಪರಿಮಳವೂ ಬರುತ್ತೆ, ಪುಡಿಯೂ ಅಂಟುತ್ತೆ.

ನಮ್ಮ ಖಾರ ಮಂಡಕ್ಕಿಯ ರುಚಿಯನ್ನು ಒಣಗಿಸಿ ಪುಡಿ ಮಾಡಿಕೊಂಡರೆ ಆಯಿತು. ನಾಲ್ಕು ಎಸಳು ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಒಂದು ಹಿಡಿ ಒರೆಸಿದ ಕರಿಬೇವಿನ ಜೊತೆ ಸ್ವಲ್ಪ ಎಣ್ಣೆಯಲ್ಲಿ ಗರಿಗರಿ ಹುರಿಯಿರಿ. ಬೆಳ್ಳುಳ್ಳಿ ಮುರಿದರೆ ಚಟ್ ಅನ್ನಬೇಕು. ಎರಡು ಬ್ಯಾಡಗಿ ಮೆಣಸಿನಕಾಯಿಯನ್ನೂ ಬೆಚ್ಚಗೆ ಮಾಡಿ. ಇವುಗಳ ಜೊತೆ ಎರಡು ದೊಡ್ಡ ಚಮಚ ಪುಟಾಣಿ (ಹುರಿಗಡಲೆ), ಅರ್ಧ ಸಣ್ಣ ಚಮಚ ಉಪ್ಪು, ಚಿಟಿಕೆ ಸಕ್ಕರೆ, ಹುಳಿ ಬೇಕಾದವರಿಗೆ ಕಾಲು ಚಮಚ ಒಣ ಮಾವಿನ ಪುಡಿ. ಎಲ್ಲವನ್ನೂ ಆರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ನುಣ್ಣಗಾಗಲೇಬೇಕು, ದಪ್ಪ ಉಪ್ಪು ಹೂವಿಗೆ ಅಂಟದೆ ತಳ ಸೇರುತ್ತೆ, ಕೊನೆಯ ತುತ್ತು ಬರೀ ಉಪ್ಪು. ಬಿಸಿ ಇರುವಾಗಲೇ ತುಪ್ಪದ ನಂತರ ಉದುರಿಸಿ ಕುಲುಕಿ. ಖಾರದ ಪುಡಿಯನ್ನು ಮೊದಲೇ ಕಾದ ಎಣ್ಣೆಗೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಬರಬೇಕಾದೀತು.

ಸಿಹಿ ಬೇಕೆಂದರೆ 100 ಗ್ರಾಂ ಬೆಲ್ಲಕ್ಕೆ ಒಂದು ಚಮಚ ತುಪ್ಪ ಹಾಕಿ ಗಟ್ಟಿ ಪಾಕ ಮಾಡಿ. ನೀರಿಗೆ ಬಿಟ್ಟ ಹನಿ ಟಣ್ ಎಂದು ಮುರಿಯಬೇಕು. ಅರಳಿದ್ದನ್ನು ಸುರಿದು ಬೇಗ ಬೇಗ ತಿರುವಿ. ಮಳೆಗಾಲದಲ್ಲಿ ಇದು ಹಸಿ ಹಿಡಿಯುತ್ತೆ, ಮಾಡಿದ ದಿನವೇ ಮುಗಿಸಿ. 2024ರ ಡಿಸೆಂಬರಿನಲ್ಲಿ ಉಪ್ಪು ಖಾರದ ಪಾಪ್‌ಕಾರ್ನಿಗೆ ಒಂದು ತೆರಿಗೆ, ಸಕ್ಕರೆ ಪಾಕದ್ದಕ್ಕೆ ಇನ್ನೊಂದು ಅಂತ ಜಿಎಸ್‌ಟಿ ಮಂಡಳಿ ವಿವರಣೆ ಕೊಟ್ಟಾಗ ಊರೆಲ್ಲ ನಕ್ಕಿತ್ತು, ನೆನಪಿದೆಯಾ?

ಹರಿಹರದ ತಂಗಿಗೂ ಅವರಂತೆ ಮನೆಯಿಂದಲೇ ಮಾರುವ ಇತರರಿಗೂ ಒಂದೆರಡು ಮಾತು. ಪೂರಾ ತಣ್ಣಗಾಗದೆ ಪೊಟ್ಟಣ ಕಟ್ಟಬೇಡಿ, ಒಳಗೆ ಆವಿ ಹನಿದು ಸಂಜೆಗೇ ಮೆತ್ತಗಾಗುತ್ತೆ. ಮಾಡಿದ ದಿನಾಂಕ ಬರೆಯಿರಿ. ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವ್ಯಾಪಾರ ಅಂತ ಬಿಡಬೇಡಿ. ಕಟ್ಟುವ ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಆಡಿಸಿ, ಅರಳದ ಕಾಳು ಕೆಳಗೆ ಉದುರಲಿ. ವಯಸ್ಸಾದವರ ಹಲ್ಲು ಮುರಿಯಲು ಅಂಥ ಒಂದೇ ಕಾಳು ಸಾಕು.

ಇನ್ನೊಂದನ್ನು ಎಲ್ಲ ತಾಯಂದಿರೂ ಕೇಳಬೇಕು. ನಾಲ್ಕು ವರ್ಷ ತುಂಬದ ಮಗುವಿನ ಕೈಗೆ ಪಾಪ್‌ಕಾರ್ನ್ ಕೊಡಬಾರದು. ಹಗುರ ಪದಾರ್ಥ, ಏನಾಗುತ್ತೆ ಅನ್ನಬೇಡಿ. ಅದರ ಚೂರು, ಸಿಪ್ಪೆ, ಅರಳದ ಕಾಳು ಉಸಿರಿನ ಕೊಳವೆಗೆ ಹೋದರೆ ಜೀವಕ್ಕೇ ಅಪಾಯ ಅಂತ ಮಕ್ಕಳ ಡಾಕ್ಟರು ಎಚ್ಚರಿಸುತ್ತಾರೆ. ದೊಡ್ಡ ಮಕ್ಕಳೂ ಕೂತು ತಿನ್ನಲಿ, ಬಾಯಲ್ಲಿಟ್ಟುಕೊಂಡು ಓಡಾಡುವುದು ಬೇಡ. ಅಕ್ಕ ಅಣ್ಣ ತಿನ್ನುವಾಗ ಚಿಕ್ಕದು ಅಳುತ್ತೆ, ನಿಜ. ಅದಕ್ಕೆಂದೇ ಜೋಳದ ಅರಳನ್ನು ಬೀಸಿ ಜರಡಿ ಹಿಡಿದ ಅರಳಿಟ್ಟು ಒಂದು ಡಬ್ಬಿಯಲ್ಲಿರಲಿ. ಎರಡು ಚಮಚ ಹಿಟ್ಟಿಗೆ ಬಿಸಿ ಹಾಲು, ಸ್ವಲ್ಪ ಬೆಲ್ಲ ಹಾಕಿ ಗಂಟಿಲ್ಲದಂತೆ ಕಲಸಿ, ಅದರದ್ದೇ ಪುಟ್ಟ ಬಟ್ಟಲಿನಲ್ಲಿ ಕೊಡಿ.