ಇಜ್ನಿಕ್ ಕೋಟೆಯ ರೋಮನ್ ಶಿಲ್ಪಗಳನ್ನು ಮ್ಯೂಸಿಯಂಗೆ ಸಾಗಿಸಬೇಕೇ?

ಟರ್ಕಿಯ ಇಜ್ನಿಕ್ ಸರೋವರದ ಪೂರ್ವ ದಡದಲ್ಲಿರುವ ಊರಿಗೆ ಹಿಂದೆ ನೈಸಿಯಾ ಎಂಬ ಹೆಸರಿತ್ತು. ಅದನ್ನು ಬಳಸಿ ನಿಂತ ಸುಮಾರು 5 ಕಿ.ಮೀ. ಕೋಟೆಗೋಡೆಯಲ್ಲಿ, ಇನ್ನೂ ಹಳೆಯ ರೋಮನ್ ಕಟ್ಟಡಗಳ ಕೆತ್ತನೆಗಲ್ಲುಗಳು ಅಲ್ಲಲ್ಲಿ ಸೇರಿಕೊಂಡಿವೆ.

ಪರ

ಲೆಫ್ಕೆ ಬಾಗಿಲ ಬಳಿ ರೋಮನ್ ಸೈನಿಕರ ಉಬ್ಬುಶಿಲ್ಪಗಳಿವೆ. ಇಸ್ತಾಂಬುಲ್ ಬಾಗಿಲಲ್ಲಿ ಕಲ್ಲಿನ ದೊಡ್ಡ ಮುಖಗಳಿವೆ. ಎಲ್ಲವೂ ಬಯಲಲ್ಲೇ. ಅಮೃತಶಿಲೆ ಮಳೆನೀರಿಗೆ ನಿಧಾನವಾಗಿ ಕರಗುತ್ತದೆ. ಮೊದಲು ಸವೆಯುವುದು ಮೂಗು, ಬೆರಳು, ಬಟ್ಟೆಯ ನೆರಿಗೆ. ಸಾಲದ್ದಕ್ಕೆ ಇದು ಭೂಕಂಪದ ಸೀಮೆ. 1065ರ ಕಂಪನಕ್ಕೆ ಈ ಗೋಡೆಯೂ ಜಖಂಗೊಂಡಿತ್ತು. ಮೂಲವನ್ನು ಸೂರಿನಡಿ ಇಟ್ಟು, ಇಲ್ಲಿ ಪಡಿಯಚ್ಚು ಕೂರಿಸಿದರೆ ನೋಡುವವರಿಗೆ ನಷ್ಟವೇನು?

ವಿರೋಧ

ನಷ್ಟವಿದೆ: ಹಳೆಯ ಕಲ್ಲು ಈ ಗೋಡೆಗೆ ಬಂದದ್ದೇ ಒಂದು ಕಥೆ. ಕ್ರಿ.ಶ. 111ರ ಸುಮಾರಿಗೆ ಪ್ರಾಂತ್ಯಾಧಿಕಾರಿ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ದೂರಿಕೊಂಡ: ನೈಸಿಯಾದ ರಂಗಮಂದಿರಕ್ಕೆ 1 ಕೋಟಿ ಸೆಸ್ಟರ್ಸ್‌ಗೂ ಹೆಚ್ಚು ಸುರಿದಾಗಿದೆಯಂತೆ, ಕಟ್ಟಡ ಮಾತ್ರ ಕುಸಿಯುತ್ತಿದೆ, ಬಿರುಕು ಬಿಟ್ಟಿದೆ; ನೆಲವೇ ಮೆತ್ತಗಿದೆಯೋ, ಕಲ್ಲೇ ಟೊಳ್ಳೋ! (ಕಾಮಗಾರಿಯ ಹಣೆಬರಹ ಆಗಲೂ ಹೀಗೇ.) ಮೂರನೆಯ ಶತಮಾನದಲ್ಲಿ ಗೋಥರು ಊರು ಸುಟ್ಟರು, ಆಮೇಲೆ ಈ ಗೋಡೆ ಎದ್ದಿತು. 727ರಲ್ಲಿ ಅರಬ್ಬರು ಮುತ್ತಿಗೆ ಹಾಕಿ ಹೋದ ಮೇಲೆ, ದುರಸ್ತಿಗೆ ಅದೇ ರಂಗಮಂದಿರದ ಕಲ್ಲು ಬಂತು. ನಾಟಕ ನೋಡಲು ಕೂರುತ್ತಿದ್ದ ಕಲ್ಲನ್ನು ಜನ ಜೀವ ಉಳಿಸಿಕೊಳ್ಳಲು ಹೊತ್ತು ತಂದರು ಎಂಬುದಕ್ಕೆ ಗೋಡೆಯೇ ಸಾಕ್ಷಿ. ಗೋಡೆ ಕೆಲಸವನ್ನೂ ಮಾಡಿತು: 1097ರಲ್ಲಿ ಕ್ರುಸೇಡಿನ ಸೇನೆ ಸುತ್ತುವರಿದಾಗ ಅದು ತಡೆದು ನಿಂತಿತು, ಸರೋವರದ ಕಡೆಯಿಂದ ಊರಿಗೆ ಸರಬರಾಜು ಬರುತ್ತಲೇ ಇತ್ತು. ಬೈಜಾಂಟಿಯನ್ನರು ದೋಣಿಗಳನ್ನು ನೆಲದ ಮೇಲೆ ಸಾಗಿಸಿ ನೀರಿಗಿಳಿಸಿದ ಮೇಲೆಯೇ ಊರು ಶರಣಾಯಿತು.

ಈ ಗೋಡೆಯಿಂದ ಬಿಡಿಸಿ ಮ್ಯೂಸಿಯಂನಲ್ಲಿಟ್ಟರೆ ಲೆಫ್ಕೆ ಬಾಗಿಲ ಸೈನಿಕ ಬರೀ ಒಂದು ರೋಮನ್ ಶಿಲ್ಪ. ಅಲ್ಲದೆ, ಭಾರ ಹೊತ್ತ ಕಲ್ಲನ್ನು ಕೀಳುವಾಗ ಅಕ್ಕಪಕ್ಕದ ಗಾರೆ ಸಡಿಲವಾಗದೆ ಇರದು.

ನನ್ನ ಮತ ವಿರೋಧದ ಕಡೆಗೆ, ಒಂದು ವಿನಾಯಿತಿಯೊಂದಿಗೆ. ಸ್ಮಾರಕದ ಅಂಗವೇ ಆಗಿರುವ ಶಿಲ್ಪವನ್ನು, ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆಯಬಹುದು ಎನ್ನುತ್ತದೆ ಸ್ಮಾರಕ ಸಂರಕ್ಷಣೆಯ 1964ರ ವೆನಿಸ್ ಸನ್ನದಿನ 8ನೇ ವಿಧಿ. ಯಾವುದಾದರೂ ಶಿಲ್ಪ ಪದರ ಪದರವಾಗಿ ಉದುರುತ್ತಿದ್ದರೆ, ಸಣ್ಣ ಸೂರು ಹಾಕಿ, ಸುಣ್ಣದ ಗಾರೆ ತುಂಬಿ ನೋಡಲಿ. ಅದಕ್ಕೂ ನಿಲ್ಲದಿದ್ದರೆ ಆ ಒಂದನ್ನಷ್ಟೇ ಒಳಗೊಯ್ಯಲಿ.